ಬಿಡಿ ಹಾಳೆಯೋ, ಇಡೀ ಸಂಚಿಕೆಯೋ, ಗುಜರಿ ಕಟ್ಟೋ?

ಚಿತ್ರಮಂದಿರದಲ್ಲಿ ಯಾರೂ ಮೂಸಿ ನೋಡದೆ, ವಿಡಿಯೊ ಕ್ಯಾಸೆಟ್ ಆಗಿ ಬಂದ ಮೇಲೆ ಭಕ್ತರನ್ನು ಸಂಪಾದಿಸಿಕೊಂಡ ಚಿತ್ರಗಳಿವೆ. ಇಂಥ ಕಲ್ಟ್ ಚಿತ್ರಗಳ ಕ್ಯಾಸೆಟ್‌ಗಳಿಗೆ 1980ರ ದಶಕದ ಪತ್ರಿಕೆಗಳಲ್ಲಿ ಬಂದ ಜಾಹೀರಾತುಗಳನ್ನು ಕೂಡಿಡುವುದು ನನ್ನ ಹವ್ಯಾಸ. ಹಾಸನದಲ್ಲಿ ಕುಳಿತವನಿಗೆ ಇದಕ್ಕೆ ನಾಲ್ಕು ದಾರಿಗಳಿವೆ: ವಿದೇಶದ ಮಾರಾಟಗಾರರಿಂದ ಬಿಡಿ ಹಾಳೆ ತರಿಸುವುದು, ಇಡೀ ಸಂಚಿಕೆಯನ್ನೇ ತರಿಸುವುದು, ಇಲ್ಲಿನ ಗುಜರಿ ಅಂಗಡಿ ಮತ್ತು ತೋಟದ ಮನೆಗಳ ಅಟ್ಟ ಜಾಲಾಡುವುದು, ಅಂತರಜಾಲದ ಸ್ಕ್ಯಾನ್ ಇಳಿಸಿಕೊಂಡು ಮುದ್ರಿಸಿಕೊಳ್ಳುವುದು. ನಾಲ್ಕನ್ನೂ ಮಾಡಿ ನೋಡಿದ್ದೇನೆ. ಮನೆಯವರ ದೃಷ್ಟಿಯಲ್ಲಿ ನಾಲ್ಕೂ ಒಂದೇ, ರದ್ದಿ.

ಬಿಡಿ ಹಾಳೆ ಎಂದರೆ ಯಾರೋ ಪತ್ರಿಕೆ ಬಿಚ್ಚಿ, ಪುಟ ಕತ್ತರಿಸಿ, ಒಂದೊಂದಾಗಿ ಮಾರುವುದು. ಬೆಲೆ ಕಡಿಮೆ ಎನಿಸುತ್ತದೆ, ಆದರೆ ಅಂಚೆ ವೆಚ್ಚ ಹಾಳೆಯ ಬೆಲೆಯನ್ನೂ ಮೀರುತ್ತದೆ. ಒಬ್ಬ ಮಾರಾಟಗಾರರಂತೂ ರಟ್ಟಿನ ಆಸರೆಯೂ ಇಲ್ಲದೆ ತೆಳು ಲಕೋಟೆಯಲ್ಲಿ ಕಳಿಸಿದ್ದರು. ಹಾಳೆ ನಾಯಕಿಯ ಮುಖದ ಮೇಲೆಯೇ ಮಡಿಕೆ ಬಿದ್ದು ಕೈಸೇರಿತು.

ಮಡಿಕೆಯನ್ನು ಸಹಿಸಬಹುದು. ಬಿಡಿ ಹಾಳೆಗೆ ತಾರೀಖಿಲ್ಲ ಎನ್ನುವುದೇ ದೊಡ್ಡ ತೊಡಕು. ಮಾರುವವರು ಚಿತ್ರ ತೆರೆಕಂಡ ವರ್ಷವನ್ನೇ ಜಾಹೀರಾತಿನ ವರ್ಷ ಎಂದು ಬರೆದುಬಿಡುತ್ತಾರೆ. ಅಮೆರಿಕದ ನಿರ್ದೇಶಕ ಏಬೆಲ್ ಫೆರಾರಾ ಅವರ 'ದಿ ಡ್ರಿಲ್ಲರ್ ಕಿಲ್ಲರ್' 1979ರ ಚಿತ್ರ. ಆದರೆ ಅದರ ಹೆಸರುವಾಸಿ ಜಾಹೀರಾತು ಬ್ರಿಟನ್ನಿನ ವಿಡಿಯೊ ಪತ್ರಿಕೆಗಳಲ್ಲಿ ಬಂದದ್ದು 1982ರಲ್ಲಿ, ಅಲ್ಲಿ ಅದರ ಕ್ಯಾಸೆಟ್ ಹೊರತಂದ ವಿಪ್ಕೊ ಕಂಪನಿಯದು. ಮನುಷ್ಯನ ಹಣೆಗೆ ಡ್ರಿಲ್ ಇಳಿಯುತ್ತಿರುವ ಪೂರ್ಣಪುಟದ ಚಿತ್ರ ನೋಡಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರುಗಳು ಹರಿದುಬಂದವು. ಆಗ ಎದ್ದ ಗದ್ದಲ, ಕ್ಯಾಸೆಟ್‌ಗಳಿಗೂ ಸೆನ್ಸಾರ್ ಪ್ರಮಾಣಪತ್ರ ಕಡ್ಡಾಯ ಮಾಡಿದ 1984ರ ವಿಡಿಯೊ ರೆಕಾರ್ಡಿಂಗ್ಸ್ ಕಾಯ್ದೆಯವರೆಗೆ ಹೋಯಿತು. ಅಂಥ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ '1979' ಎಂದು ಗೀಚಿದ್ದರೆ ಆ ಕಥೆಯೆಲ್ಲ ಅಳಿಸಿಹೋಗುತ್ತದೆ.

ಬಿಡಿ ಹಾಳೆಯ ಕಾಲ ಅಂದಾಜಿಸಲು ನಾನು ಮೊದಲು ನೋಡುವುದು ಕೆಳಗಿನ ಅಂಚನ್ನು. ಆಗ ಕ್ಯಾಸೆಟ್‌ಗಳಲ್ಲಿ ಒಂದಕ್ಕೊಂದು ಹೊಂದದ ಎರಡು ಬಗೆಗಳಿದ್ದವು, ವಿಎಚ್‌ಎಸ್ ಮತ್ತು ಬೀಟಾ. ವಿಎಚ್‌ಎಸ್ ಜೊತೆಗೆ ಬೀಟಾ ಗುರುತೂ ಇದ್ದರೆ ದಶಕದ ಮೊದಲರ್ಧದ್ದಿರಬಹುದು. 1988ರಲ್ಲಿ ಬೀಟಾಮ್ಯಾಕ್ಸ್‌ನ ತಾಯಿಮನೆಯಾದ ಸೋನಿಯೇ ವಿಎಚ್‌ಎಸ್ ಯಂತ್ರ ತಯಾರಿಸತೊಡಗಿತು, ಆ ಹೊತ್ತಿಗೆ ಜಾಹೀರಾತುಗಳಲ್ಲೂ ಬೀಟಾ ಅಪರೂಪವಾಗುತ್ತಿತ್ತು. ಅಸಲಿಯೋ ಮರುಮುದ್ರಣವೋ ಎಂಬುದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಸಾಕು. ಹಳೆಯ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಲೆಕ್ಕಾಚಾರವಾಗಿ ಸುತ್ತುಗಟ್ಟಿ ಕುಳಿತಿರುತ್ತವೆ. ಇಂಕ್‌ಜೆಟ್ ಪ್ರತಿಯಲ್ಲಿ ಮಾತ್ರ ಚುಕ್ಕೆಗಳು ರಂಗೋಲಿ ಪುಡಿ ಚೆಲ್ಲಿದಂತೆ ಎತ್ತೆತ್ತಲೋ ಇರುತ್ತವೆ. ನೇರಳಾತೀತ ಟಾರ್ಚ್ ಹಿಡಿದು ಪರೀಕ್ಷಿಸಿ ಎನ್ನುವವರ ಮಾತು ಎಂಬತ್ತರ ದಶಕದ ಕಾಗದಕ್ಕೆ ನಡೆಯುವುದಿಲ್ಲ, ಏಕೆಂದರೆ ಆ ಬೆಳಕಿನಲ್ಲಿ ಹೊಳೆಯುವ ರಾಸಾಯನಿಕವನ್ನು ಕಾಗದಕ್ಕೆ ಬೆರೆಸುವುದು ಅದಕ್ಕೆ ಬಹಳ ಮೊದಲೇ ಶುರುವಾಗಿತ್ತು.

ಇಡೀ ಸಂಚಿಕೆಗೆ ತೂಕ ಹೆಚ್ಚು, ಅಂಚೆ ವೆಚ್ಚವೂ ಅದರಂತೆ. ಆದರೂ ನನ್ನ ಒಲವು ಅದರ ಕಡೆಗೇ. ತಿಂಗಳು, ವರ್ಷ, ಪುಟಸಂಖ್ಯೆ ಎಲ್ಲವೂ ಪ್ರಶ್ನೆಯಿಲ್ಲದೆ ಸಿಗುತ್ತವೆ. ಎರಡು ಪುಟಕ್ಕೆ ಹರಡಿದ ಜಾಹೀರಾತು ನಡುವೆ ತುಂಡಾಗದೆ ಉಳಿಯುತ್ತದೆ. ಬಿಡಿಸಿ ಮಾರುವವರು ಎಡಪುಟ ಒಬ್ಬರಿಗೆ, ಬಲಪುಟ ಇನ್ನೊಬ್ಬರಿಗೆ ದಾಟಿಸುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಜಾಹೀರಾತು ಯಾರನ್ನು ಮಾತನಾಡಿಸುತ್ತಿದೆ ಎಂಬುದು ಅದರ ನೆರೆಹೊರೆಯ ಪುಟಗಳಿಂದ ತಿಳಿಯುತ್ತದೆ. 1979ರಲ್ಲಿ ಶುರುವಾದ 'ಫ್ಯಾಂಗೋರಿಯ'ದಂಥ ಭಯಾನಕ ಚಿತ್ರಗಳ ಪತ್ರಿಕೆಯಲ್ಲಿ ಅದು ಅಭಿಮಾನಿಯನ್ನು ಹೆದರಿಸಿ ರಂಜಿಸುತ್ತದೆ. ವ್ಯಾಪಾರಿಗಳಿಗಾಗಿಯೇ ಬರುತ್ತಿದ್ದ ಪತ್ರಿಕೆಗಳಲ್ಲಿ ಅದೇ ಚಿತ್ರದ ಜಾಹೀರಾತು ಬಾಡಿಗೆ ಅಂಗಡಿಯವನ ಕಿವಿಯಲ್ಲಿ ಪಿಸುಗುಟ್ಟುತ್ತದೆ: ಇಂಥ ದಿನದೊಳಗೆ ಆರ್ಡರ್ ಕೊಡಿ, ಇಂಥ ದಿನ ಸರಕು ಬರುತ್ತದೆ. ಆಗ ಅಮೆರಿಕದಲ್ಲಿ ಬಾಡಿಗೆಗೆಂದೇ ಬರುತ್ತಿದ್ದ ಕ್ಯಾಸೆಟ್‌ಗಳ ಬೆಲೆ ಹಲವು ಬಾರಿ 79.95 ಡಾಲರ್‌ನಷ್ಟಿರುತ್ತಿತ್ತು. ಮನೆಗೆ ಕೊಳ್ಳುವವರು ವಿರಳ, ಅಂಗಡಿಯವನೇ ನಿಜವಾದ ಗಿರಾಕಿ. ಮೂಲೆಯಲ್ಲಿ ಚಿಕ್ಕದಾಗಿ ಅಚ್ಚಾದ ಆ ಆರ್ಡರ್ ದಿನಾಂಕದ ಸಾಲು ಮುಖ್ಯ ಚಿತ್ರಕ್ಕಿಂತ ಹೆಚ್ಚು ಖುಷಿ ಕೊಡುತ್ತದೆ. ಇದನ್ನು ಹೇಳಿದರೆ ಪೋಸ್ಟರ್ ಗೆಳೆಯರು ನಗುತ್ತಾರೆ.

ಗುಜರಿ ಅಂಗಡಿಯ ಬಗೆಯೇ ಬೇರೆ. ಅವರು ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಮಾರುವುದು ಮುಖ ನೋಡಿ. ಕಣ್ಣಿನಲ್ಲಿ ಆಸೆ ಕಂಡರೆ ಮುಗಿಯಿತು. ಅಮೆರಿಕದ ರಕ್ತಪಿಶಾಚಿಗಳು ಇಲ್ಲಿ ಸಿಗುವುದಿಲ್ಲ, ಅವುಗಳನ್ನು ಹುಡುಕಿ ಹೋಗಲೂಬಾರದು. ಸಿಗುವುದು ನಮ್ಮದೇ ವಿಡಿಯೊ ಕಾಲ: 1982ರ ಏಷ್ಯನ್ ಕ್ರೀಡಾಕೂಟದ ಜೊತೆ ಬಣ್ಣದ ದೂರದರ್ಶನ ಬಂದ ಮೇಲೆ, ಒಂದು ರಾತ್ರಿಗೆ ಟಿ.ವಿ., ಕ್ಯಾಸೆಟ್ ಓಡಿಸುವ ಯಂತ್ರವಾದ ವಿ.ಸಿ.ಪಿ. ಮತ್ತು ಮೂರು ಕ್ಯಾಸೆಟ್ ಬಾಡಿಗೆಗೆ ತಂದು ಬೀದಿಯವರೆಲ್ಲ ಕುಳಿತು ನೋಡುತ್ತಿದ್ದ ಕಾಲ. ಸಕಲೇಶಪುರದ ಕಡೆಯ ತೋಟದ ಮನೆಯೊಂದರ ಅಟ್ಟದಿಂದ ಇಳಿದ ಕಟ್ಟಿನಲ್ಲಿ ಸಿನಿಮಾ ಪತ್ರಿಕೆ 'ಸ್ಟಾರ್‌ಡಸ್ಟ್' ಸಂಚಿಕೆಗಳಿದ್ದವು. ಆ ಪತ್ರಿಕೆಯ ಆಗಿನ ಒಡೆಯ ನಾರಿ ಹೀರಾ ಚಿತ್ರಮಂದಿರದ ಗೊಡವೆಯೇ ಬೇಡವೆಂದು ಹೀಬಾ ಹೆಸರಿನಲ್ಲಿ ನೇರವಾಗಿ ವಿಡಿಯೊಗೆಂದೇ ಚಿತ್ರ ತೆಗೆಸಿದವರು. ಭಾರತದ ಮಟ್ಟಿಗೆ ಈ ಹವ್ಯಾಸಕ್ಕೆ ಅದಕ್ಕಿಂತ ಹತ್ತಿರದ ಸರಕು ಇನ್ನೊಂದಿಲ್ಲ. ಅಡುಗೆಮನೆಯ ಹೊಗೆ ತಾಗಿದ್ದರಿಂದ ಪುಟಗಳ ಅಂಚು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಆದರೆ ಒಂದು ಹುಳುವಿನ ತೂತೂ ಇರಲಿಲ್ಲ. ತಳದ ಸಂಚಿಕೆಗೆ ಮಾತ್ರ ಮಳೆನೀರು ಇಳಿದು, ಹೊಳಪಿನ ಪುಟಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಹೊಳಪಿಗೆಂದು ಲೇಪಿಸಿದ ಜೇಡಿಪದರ ಒದ್ದೆಯಾಗಿ ಒಣಗಿದರೆ ಅಂಟಾಗುತ್ತದೆ, ಬಿಡಿಸಲು ಹೋದರೆ ಬಣ್ಣವೂ ಕಿತ್ತು ಬರುತ್ತದೆ.

ಸ್ಕ್ಯಾನ್‌ಗೆ ದುಡ್ಡಿಲ್ಲ, ಕಾಯುವಂತೆಯೂ ಇಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೆಯ ಪತ್ರಿಕೆಗಳು ರಾಶಿ ಬಿದ್ದಿವೆ. ಒಳ್ಳೆಯ ಕಾಗದದ ಮೇಲೆ ಮುದ್ರಿಸಿಯೂ ನೋಡಿದೆ. ಮೂಲದ ಚುಕ್ಕೆಗಳೂ ಸ್ಕ್ಯಾನರಿನ ಚೌಕಗಳೂ ಒಂದರ ಮೇಲೊಂದು ಕುಳಿತು ಆಕಾಶದ ಭಾಗದಲ್ಲೆಲ್ಲ ಅಲೆಅಲೆಯಾದ ಗೆರೆಗಳು ಎದ್ದವು. ಗೋಡೆಗೆ ಪರವಾಗಿಲ್ಲ, ಸಂಗ್ರಹಕ್ಕೆ ಬೇಡ. ಆದರೆ ಯಾವ ಜಾಹೀರಾತು ಯಾವ ಸಂಚಿಕೆಯ ಎಷ್ಟನೇ ಪುಟದಲ್ಲಿದೆ ಎಂದು ಮೊದಲೇ ನೋಡಿಕೊಳ್ಳಲು ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಕಾಪಾಡುವ ವಿಷಯದಲ್ಲಿ ಮಾತ್ರ ಬಿಡಿ ಹಾಳೆ ಗೆಲ್ಲುತ್ತದೆ. ಅಮೆರಿಕದ ಪತ್ರಿಕೆಗಳ ಪುಟ ಹೆಚ್ಚುಕಡಿಮೆ ಎ4 ಅಳತೆಯದು, ಫೋಲ್ಡರಿನಲ್ಲಿ ಸಲೀಸಾಗಿ ಕೂರುತ್ತದೆ. ಫೋಲ್ಡರ್ ಪಾಲಿಪ್ರೊಪಿಲೀನ್ ಆಗಿರಲಿ. ಘಾಟು ವಾಸನೆಯ ಮೆತ್ತನೆಯ ಪಿವಿಸಿ ಹಾಳೆ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಇಡೀ ಸಂಚಿಕೆಗಳಿಗೆ ಕಪಾಟೇ ಬೇಕು, ಮಳೆಗಾಲದಲ್ಲಿ ಆಗಾಗ ಗಾಳಿಯೂ ಬೇಕು.

ಈಗ ನನ್ನ ದುಡ್ಡು ಹೆಚ್ಚಾಗಿ ಹೋಗುವುದು ಇಡೀ ಸಂಚಿಕೆಗಳಿಗೆ, ಅದೂ ಒಂದರಲ್ಲಿ ಐದಾರು ಜಾಹೀರಾತು ಇವೆಯೆಂದು ಸ್ಕ್ಯಾನ್‌ನಲ್ಲಿ ಕಂಡ ಮೇಲೆ. ಭಾರತದ್ದಾದರೆ ಗುಜರಿ ಅಂಗಡಿಯೇ ಸೈ. ಸಂಚಿಕೆ ಎಲ್ಲೂ ಸಿಗದಿದ್ದರೆ ಬಿಡಿ ಹಾಳೆಗೆ ಒಪ್ಪುತ್ತೇನೆ, ಆಗ ಹಾಳೆಯ ಹಿಂಬದಿಯ ಫೋಟೊ ಮತ್ತು ಪುಟಸಂಖ್ಯೆಯಿರುವ ಮೂಲೆಯ ಫೋಟೊ ಎರಡನ್ನೂ ಕೇಳುತ್ತೇನೆ. ಮೂಲೆ ಕತ್ತರಿಸಿದ ಹಾಳೆಗೆ ಕೈಹಾಕುವುದಿಲ್ಲ.