ಡ್ರಿಲ್‌ನ ಕೊನೆಯ ಕಾಕ್‌ವರೆಗೂ ತಡೆಯುವ ರಾಕೆಟ್: ನ್ಯಾನೋರೇ ಲೈಟ್ 18ಐ ಬಳಸಿದ ಮೇಲೆ

ಯೋನೆಕ್ಸ್ ಕಂಪನಿಯ ಬ್ಯಾಡ್ಮಿಂಟನ್ ರಾಕೆಟ್ ನ್ಯಾನೋರೇ ಲೈಟ್ 18ಐ ನನ್ನ ಕೈಗೆ ಬಂದು ಎರಡು ವರ್ಷದ ಮೇಲಾಯಿತು. ವಾರದಲ್ಲಿ ಮೂರ್ನಾಲ್ಕು ಸಂಜೆ ಕೋಚಿಂಗ್, ಭಾನುವಾರ ಗೆಳೆಯರ ಜೊತೆ ಡಬಲ್ಸ್. ಕೊಂಡಾಗ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಟ್ರೈನಿಂಗ್‌ಗೆ ಇದು ಸಾಕಾ ಅಂತ ಕೇಳಿದರೆ, ರಾಕೆಟ್ ಧಾರಾಳವಾಗಿ ಸಾಕು. ಅದರ ಜೊತೆ ಬರುವ ಗಟ್ಟಿಂಗ್, ಅಂದರೆ ತಲೆಗೆ ಹೆಣೆದ ದಾರ, ಮಾತ್ರ ಸಾಲದು.

ಮೊದಲು ತೂಕದ ವಿಷಯ. ಆಟದ ನಿಯಮದಲ್ಲಿ ರಾಕೆಟ್ ಉದ್ದ 680 ಮಿ.ಮೀ., ಅಗಲ 230 ಮಿ.ಮೀ. ದಾಟಬಾರದು ಅಂತಿದೆ. ತೂಕಕ್ಕೆ ಮಿತಿಯೇ ಇಲ್ಲ. ಹಾಗಾಗಿ ಕಂಪನಿಗಳ ಕಸರತ್ತೆಲ್ಲ ಎಷ್ಟು ತೂಕ, ಆ ತೂಕ ಎಲ್ಲಿ ಕೂತಿದೆ ಅನ್ನುವುದರ ಮೇಲೆ. ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84, 5ಯು ಅಂದರೆ 75ರಿಂದ 79. ನನ್ನದು 5ಯು. ತಲೆಯ ಕಡೆ ಹಗುರ, ಶಾಫ್ಟ್ (ತಲೆಗೂ ಹಿಡಿಗೂ ನಡುವಿನ ಕಡ್ಡಿ) ಮಧ್ಯಮ ಬಿಗಿ.

ಅಂಗಡಿಯಲ್ಲಿ ಹಗುರ ರಾಕೆಟ್ ಕೇಳಿದರೆ ಮಾರುವವರ ಮುಖ ಸ್ವಲ್ಪ ಬಾಡುತ್ತದೆ. "ಸರ್, ಸ್ಮ್ಯಾಶ್ ಬರಲ್ಲ, ಹೆಡ್ ಹೆವಿ ತಗೊಳ್ಳಿ" ಅನ್ನುತ್ತಾರೆ. ಅಲ್ಲೇ ನಿಂತು ಗಾಳಿಯಲ್ಲಿ ನಾಲ್ಕು ಸಲ ಬೀಸಿದರೆ ತಲೆ ಭಾರದ ರಾಕೆಟ್ಟೇ ಚೆನ್ನಾಗಿ ಅನ್ನಿಸುತ್ತದೆ, ನಿಜ. ಆದರೆ ಟ್ರೈನಿಂಗ್ ಅಂದರೆ ನಾಲ್ಕು ಬೀಸು ಅಲ್ಲವಲ್ಲ. ಕೋಚ್ ಬುಟ್ಟಿ ತುಂಬ ಕಾಕ್ ಇಟ್ಟುಕೊಂಡು ಒಂದರ ಹಿಂದೆ ಒಂದು ಎಸೆಯುತ್ತಾರೆ. ಆರು ಮೂಲೆಗೂ ಓಡಬೇಕು. ಬುಟ್ಟಿಯ ತಳ ಕಾಣುವ ಹೊತ್ತಿಗೆ ಕೈ ಇನ್ನೂ ತಲೆಯ ಮೇಲೆ ಏಳುತ್ತದೋ ಇಲ್ಲವೋ, ರಾಕೆಟ್ ಸರಿಯಿದೆಯಾ ಅಂತ ಗೊತ್ತಾಗುವುದು ಅಲ್ಲಿ.

ನನ್ನ ಜೊತೆ ಕಲಿಯುವ ಒಬ್ಬರ ಬಳಿ ಯೋನೆಕ್ಸ್‌ನದೇ ತಲೆ ಭಾರದ ರಾಕೆಟ್ ಆಸ್ಟ್ರಾಕ್ಸ್ 88ಡಿ ಇದೆ. ಡಬಲ್ಸ್‌ನಲ್ಲಿ ಹಿಂದೆ ನಿಂತು ಹೊಡೆಯುವವರಿಗೆ ಅಂತಲೇ ಮಾಡಿದ್ದು. ಮುಂದೆ ನಿಲ್ಲುವವರಿಗೆ 88ಎಸ್ ಅಂತ ಬೇರೆ ಇದೆ. ಆಗಾಗ ಅದಲು ಬದಲು ಮಾಡಿಕೊಂಡು ಆಡುತ್ತೇವೆ. ಸ್ಮ್ಯಾಶ್ ಸರಿಯಾಗಿ ಕೂತಾಗ 88ಡಿ ಕೊಡುವ ಖುಷಿಯೇ ಬೇರೆ, 18ಐ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಎದುರಿನವರು ಮೈಮೇಲೆ ಹೊಡೆದಾಗ ಕಥೆ ತಿರುಗುತ್ತದೆ. 18ಐ ತಾನಾಗಿ ಅಡ್ಡ ಬಂದು ನಿಲ್ಲುತ್ತದೆ. 88ಡಿ ಹಿಡಿದಾಗ ಕಾಕ್ ಎದೆಗೆ ಬಡಿದ ಮೇಲೆ ನನ್ನ ರಾಕೆಟ್ ಬರುತ್ತಿತ್ತು! ಒಲಿಂಪಿಕ್ ಚಿನ್ನ ಗೆದ್ದ ಡೆನ್ಮಾರ್ಕ್‌ನ ಆಕ್ಸೆಲ್ಸನ್ ಕೈಯಲ್ಲಿ ಆಸ್ಟ್ರಾಕ್ಸ್ 100ಜೆಡ್‌ಜೆಡ್ ನೋಡಿ ಅದನ್ನೇ ಕೊಳ್ಳುವವರೂ ಇದ್ದಾರೆ. ಅದರ ಶಾಫ್ಟ್ ತುಂಬಾ ಬಿಗಿ. ಅದನ್ನು ಬಾಗಿಸುವಷ್ಟು ವೇಗ ಮುಂಗೈಯಲ್ಲಿ ಇಲ್ಲದಿದ್ದರೆ ಕೈಯಲ್ಲಿರುವುದು ಬರೀ ಕೋಲು.

ಹಗುರ ರಾಕೆಟ್‌ನ ತೊಂದರೆ ಕ್ಲಿಯರ್‌ನಲ್ಲಿ, ಅಂದರೆ ಕಾಕನ್ನು ಎತ್ತರಕ್ಕೆ ಎದುರಿನವರ ಹಿಂದಿನ ಗೆರೆಯವರೆಗೆ ಕಳಿಸುವ ಹೊಡೆತದಲ್ಲಿ. ಮೊದಮೊದಲು ಹಿಂದಿನ ಗೆರೆಗೆ ಕಾಕ್ ತಲುಪುವುದೇ ಇಲ್ಲ, ಅರ್ಧ ಕೋರ್ಟ್‌ಗೆ ಬಿದ್ದು ಎದುರಿನವರಿಗೆ ಹಬ್ಬ. ಭಾರದ ತಲೆ ಇದ್ದರೆ ತೋಳು ಬೀಸಿದರೂ ಅಷ್ಟಿಷ್ಟು ದೂರ ಹೋಗುತ್ತದೆ. ಇದು ಆ ಸಹಾಯ ಮಾಡುವುದಿಲ್ಲ. ಮೊಣಕೈ ಮೇಲೆತ್ತಿ, ಮುಂಗೈ ತಿರುಗಿಸಿ, ಕಾಕ್ ತಲೆಯ ಮುಂದೆ ಇರುವಾಗಲೇ ಹೊಡೆಯಬೇಕು. ಕಲಿಯುವ ಕಾಲದಲ್ಲಿ ಇದು ಒಳ್ಳೆಯದೇ ಅನ್ನುವುದು ನನ್ನ ಅನಿಸಿಕೆ.

ಈಗ ಗಟ್ಟಿಂಗ್. ಗಟ್ ಎಷ್ಟು ಬಿಗಿ ಅನ್ನುವುದನ್ನು ಪೌಂಡ್‌ನಲ್ಲಿ ಹೇಳುತ್ತಾರೆ, ರಾಕೆಟ್ ಮೇಲೆ 30 ಪೌಂಡ್ ತಡೆಯುತ್ತದೆ ಅಂತ ಬರೆದಿರುತ್ತದೆ. ಅದು ಫ್ರೇಮಿನ ಮಿತಿ, ನಮಗೆ ಕೊಟ್ಟ ಸಲಹೆ ಅಲ್ಲ. ಬಿಗಿ ಹೆಚ್ಚಾದಷ್ಟು ಚೆನ್ನಾಗಿ ಹೊಡೆತ ಕೂರುವ ಜಾಗ ಚಿಕ್ಕದಾಗುತ್ತದೆ. ಸ್ವಲ್ಪ ಆಚೀಚೆ ತಗುಲಿದರೂ ಕಾಕ್ ಸಾಯುತ್ತದೆ, ಮೊಣಕೈಗೆ ಪೆಟ್ಟು. ಫ್ಯಾಕ್ಟರಿಯ ಗಟ್ ಇದಕ್ಕೆ ಉಲ್ಟಾ, ತೀರಾ ಸಡಿಲ. ಅದನ್ನು ಕೊಯ್ದು ಯೋನೆಕ್ಸ್‌ನ ಬಿಜಿ65 ಅನ್ನುವ ಗಟ್ ಹಾಕಿಸಿದೆ, 24 ಪೌಂಡ್‌ಗೆ. ಆ ದಿನ ಬೇರೆಯದೇ ರಾಕೆಟ್ ಕೊಂಡ ಹಾಗಿತ್ತು. ಬಿಜಿ65 ದಪ್ಪ 0.70 ಮಿ.ಮೀ., ಬೇಗ ತುಂಡಾಗುವುದಿಲ್ಲ. ಬಿಜಿ80 ಇನ್ನೂ ಸಣ್ಣ, 0.68. ಅದರ 'ಟಣ್' ಸದ್ದು ಕೇಳಲು ಚೆಂದ. ಆದರೆ ಡ್ರಿಲ್ ಮಾಡುವವರಿಗೆ ಸದ್ದಿಗಿಂತ ಬಾಳಿಕೆ ಮುಖ್ಯ ಅಲ್ವಾ?

ಯಾರ ಕೈಯಲ್ಲಿ ಹಾಕಿಸುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ಒಂದು ಅಂಗಡಿಯಲ್ಲಿ ಕೊಟ್ಟಾಗ ಫ್ರೇಮಿನ ತಲೆ ಒಂದು ಚೂರು ಉದ್ದವಾಗಿ, ಅಗಲ ಕಮ್ಮಿಯಾಗಿ ವಾಪಸ್ ಬಂತು. ಅವರ ಮೆಷಿನ್ ಫ್ರೇಮನ್ನು ಎರಡೇ ಕಡೆ ಹಿಡಿಯುತ್ತಿತ್ತು. ಆರು ಕಡೆ ಹಿಡಿಯುವ ಮೆಷಿನ್ ಇದೆಯಾ ಅಂತ ಕೇಳಿ ಕೊಡಿ. ಗ್ರಾಮೆಟ್ (ಗಟ್ ಹಾಯುವ ತೂತುಗಳಲ್ಲಿರುವ ಪ್ಲಾಸ್ಟಿಕ್ ಕೊಳವೆ) ಸವೆದಿದ್ದರೆ ಅದೇ ಸಲ ಬದಲಿಸಿಬಿಡಿ, ಇಲ್ಲದಿದ್ದರೆ ಹೊಸ ಗಟ್ ಫ್ರೇಮಿನ ಅಂಚಿಗೆ ಉಜ್ಜಿ ಬೇಗ ಹೋಗುತ್ತದೆ. ಇನ್ನೊಂದು ವಿಷಯ, ಗಟ್ ಒಂದು ಕಡೆ ತುಂಡಾದರೆ ಉಳಿದದ್ದನ್ನೂ ಅಲ್ಲೇ ನಡುವಿನಿಂದ ಶುರುಮಾಡಿ ಕತ್ತರಿಸಿ. ಒಂದೇ ಕಡೆ ಎಳೆತ ಉಳಿದರೆ ಫ್ರೇಮ್ ಸೊಟ್ಟಗಾಗುತ್ತದೆ.

ಹಿಡಿಯ ದಪ್ಪದ ಲೆಕ್ಕ ಸ್ವಲ್ಪ ತಲೆಕೆಳಗು. ಜಿ5 ಅನ್ನುವುದು ಜಿ4ಗಿಂತ ಸಣ್ಣ. ನನ್ನದು ಜಿ4, ಮೇಲೊಂದು ತೆಳು ಓವರ್‌ಗ್ರಿಪ್ ಸುತ್ತಿದರೆ ಸರಿಹೋಗುತ್ತದೆ. ಬೆರಳು ಸಣ್ಣ ಇರುವವರು ಜಿ5 ಹುಡುಕಲಿ. ದಪ್ಪ ಹಿಡಿಯಲ್ಲಿ ಬ್ಯಾಕ್‌ಹ್ಯಾಂಡ್‌ಗೆ ಹೆಬ್ಬೆರಳು ತಿರುಗಿಸುವುದು ಕಷ್ಟ.

ಬಾಳಿಕೆ? ಪೇಂಟ್ ಅಲ್ಲಲ್ಲಿ ಎದ್ದಿದೆ. ಭಾನುವಾರದ ಡಬಲ್ಸ್‌ನಲ್ಲಿ ಇಬ್ಬರೂ "ನಂದು ನಂದು" ಅಂತ ಕೂಗಿಕೊಂಡು ಒಂದೇ ಕಾಕ್‌ಗೆ ಹೋಗಿ ಗುದ್ದಿಸಿದ್ದೇವೆ, ತಲೆಯ ಮೇಲೆ ಆಳವಾದ ಗೀರಿದೆ. ಬಿರುಕು ಇನ್ನೂ ಬಿಟ್ಟಿಲ್ಲ. ಗೀರು ಬಿದ್ದ ಮೇಲೆ ಬಿಗಿ ಹೆಚ್ಚಿಸುವ ಆಸೆ ಬಿಟ್ಟಿದ್ದೇನೆ, 24ಕ್ಕೇ ನಿಲ್ಲಿಸಿದ್ದೇನೆ.

ಸಿಂಗಲ್ಸ್ ಜಾಸ್ತಿ ಆಡುವವರು, ಭುಜದಲ್ಲಿ ಆಗಲೇ ಬಲ ಇರುವವರು ಇದನ್ನು ತಗೋಬೇಡಿ. ತೂಕ ಎರಡೂ ಕಡೆ ಸಮ ಇರುವ 4ಯು ನೋಡಿ. ಚಿಕ್ಕ ಮಕ್ಕಳಿಗೆ ಇದೂ ಉದ್ದವೇ, ಅವರಿಗೆ ಜೂನಿಯರ್ ರಾಕೆಟ್ ಇದೆ. ಉಳಿದವರು ಇದನ್ನು ಕೊಂಡು, ದುಬಾರಿ ರಾಕೆಟ್‌ಗೆ ಅಂತ ಇಟ್ಟ ದುಡ್ಡಲ್ಲಿ ಗಮ್ ಸೋಲ್ ಇರುವ ಬ್ಯಾಡ್ಮಿಂಟನ್ ಶೂ ತಗೊಳ್ಳಿ. ರನ್ನಿಂಗ್ ಶೂ ಹಾಕಿಕೊಂಡು ಆರು ಮೂಲೆ ಓಡಿದರೆ ಕಾಲು ಉಳುಕುತ್ತದೆ.