ಚೈನ್ ಬಿಗಿ ಮಾಡುವ ಸಿಲಿಂಡರ್ ಚೆನ್ನಾಗಿದೆ, ಅದರ ಕಿಂಡಿ ಚೆನ್ನಾಗಿಲ್ಲ

20 ಟನ್ ವರ್ಗದ ಎಕ್ಸ್‌ಕವೇಟರ್ ಒಂದನ್ನು ಹಲವು ವರ್ಷಗಳಿಂದ ನಾನೇ ಓಡಿಸುತ್ತ, ನಾನೇ ನೋಡಿಕೊಳ್ಳುತ್ತ ಬಂದಿದ್ದೇನೆ. ಎಂಜಿನ್ನಿನ ಶಕ್ತಿ, ಹೈಡ್ರಾಲಿಕ್ ಪಂಪು, ಬಕೆಟ್ಟಿನ ಅಳತೆ ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನಾನು ಬರೆಯುತ್ತಿರುವುದು ಯಂತ್ರ ಚಕ್ರದ ಬದಲು ಉರುಳುವ ಚೈನಿನ ಬಿಗಿತವನ್ನು ಹೊಂದಿಸುವ ವ್ಯವಸ್ಥೆಯ ಬಗ್ಗೆ ಮಾತ್ರ. ಚೈನ್ ಯಂತ್ರದ ಒಟ್ಟು ದುರಸ್ತಿ ಖರ್ಚಿನಲ್ಲಿ ಅರ್ಧದಷ್ಟು ಚೈನು, ರೋಲರುಗಳೆಲ್ಲ ಸೇರಿದ ಕೆಳಭಾಗವಾದ ಅಂಡರ್‌ಕ್ಯಾರೇಜಿಗೇ ಹೋಗಬಹುದೆಂಬುದು ಈ ಕೆಲಸದಲ್ಲಿರುವವರೆಲ್ಲ ಹೇಳುವ ಮಾತು. ಒಂದೇ ಯಂತ್ರವನ್ನು ನಂಬಿಕೊಂಡವರಿಗೆ ಚೈನು, ರೋಲರು, ಚೈನನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ ಎಲ್ಲವನ್ನೂ ಒಟ್ಟಿಗೆ ಬದಲಿಸುವ ವರ್ಷ ಎಂದರೆ ದುಡಿದದ್ದೆಲ್ಲ ಅಲ್ಲಿಗೇ ಸುರಿಯುವ ವರ್ಷ. ಆ ವರ್ಷವನ್ನು ಆದಷ್ಟು ಮುಂದೂಡಬೇಕೆಂಬ ಆಸೆಯಿಂದಲೇ ನಾನು ಈ ಒಂದು ಭಾಗವನ್ನು ಉಳಿದೆಲ್ಲಕ್ಕಿಂತ ಹೆಚ್ಚು ಗಮನಿಸಿದ್ದೇನೆ.

ವ್ಯವಸ್ಥೆಯ ಮೂಲ ಕಲ್ಪನೆ ಬಹಳ ಸೊಗಸಾಗಿದೆ. ಚೈನನ್ನು ಹೊತ್ತ ಚೌಕಟ್ಟಾದ ಟ್ರ್ಯಾಕ್ ಫ್ರೇಮಿನೊಳಗೆ ಒಂದು ಗ್ರೀಸ್ ಸಿಲಿಂಡರ್ ಇದೆ. ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿದಂತೆ ಅದು ಮುಂದಿನ ಐಡ್ಲರನ್ನು, ಅಂದರೆ ಚೈನು ಸುತ್ತಿ ಬರುವ ಮುಂಚಕ್ರವನ್ನು, ಹೊರಕ್ಕೆ ತಳ್ಳುತ್ತದೆ, ಚೈನು ಬಿಗಿಯಾಗುತ್ತದೆ. ಸಿಲಿಂಡರಿನ ಹಿಂದಿರುವ ದಪ್ಪ ಸ್ಪ್ರಿಂಗು ಕಲ್ಲಿಗೆ ಐಡ್ಲರ್ ಬಡಿದಾಗಲೋ, ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಕಲ್ಲು ಸಿಕ್ಕಾಗಲೋ ಹಿಂದಕ್ಕೆ ಸರಿದು ಹೊಡೆತವನ್ನು ತಾನು ನುಂಗಿಕೊಳ್ಳುತ್ತದೆ. ತಿರುಗಿಸಿ ತಿರುಗಿಸಿ ಸವೆಯುವ ಬೋಲ್ಟು ಇಲ್ಲ, ಹೊಡೆದು ಕೂರಿಸುವ ಬೆಣೆ ಇಲ್ಲ. ಬಿಗಿ ಮಾಡುವ ಕೆಲಸಕ್ಕೆ ಒಬ್ಬರೇ ಸಾಕು.

ಅಳತೆ ತೆಗೆಯುವ ಹೊತ್ತು ನನಗೆ ಇಡೀ ವಾರದಲ್ಲೇ ಇಷ್ಟವಾದ ಹೊತ್ತು. ಕೈಪಿಡಿ 50 ಗಂಟೆಗೊಮ್ಮೆ ನೋಡಿರಿ ಎನ್ನುತ್ತದೆ. ನಾನು ಬೆಳಿಗ್ಗೆ ಯಂತ್ರ ಹತ್ತುವ ಮುನ್ನ ಎರಡೂ ಕಡೆಯ ಚೈನಿನ ಜೋಲನ್ನು ಕಣ್ಣಿನಿಂದಲೇ ನೋಡುತ್ತೇನೆ, ಅನುಮಾನ ಬಂದರೆ ಅಳೆಯುತ್ತೇನೆ. ಮೇಲಿನ ಭಾಗವನ್ನು ಚೈನಿಗೆ ಅಡ್ಡಲಾಗಿ ತಿರುಗಿಸಿ, ಬೂಮಿಗೂ (ಯಂತ್ರಕ್ಕೆ ಸೇರಿದ ದೊಡ್ಡ ತೋಳು) ಆರ್ಮಿಗೂ (ಬಕೆಟ್ ಹಿಡಿದ ತೋಳು) ನಡುವಿನ ಕೋನ 90ರಿಂದ 110 ಡಿಗ್ರಿಯೊಳಗೆ ಇರುವಂತೆ ಮಾಡಿ, ಬಕೆಟ್ಟಿನ ಹಲ್ಲಿನ ಬದಲು ಅದರ ದುಂಡು ಬೆನ್ನನ್ನು ನೆಲಕ್ಕೆ ಒತ್ತಿ, ಒಂದು ಬದಿಯನ್ನು ಮೇಲಕ್ಕೆತ್ತಬೇಕು. ಗಾಳಿಯಲ್ಲಿ ನಿಂತ ಚೈನನ್ನು ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಸುತ್ತಿಸಿದರೆ ಒಳಗೆ ಅಂಟಿದ ಮಣ್ಣು ಹೆಂಟೆ ಹೆಂಟೆಯಾಗಿ ಉದುರುತ್ತದೆ. ಕೊನೆಯ ಹೆಂಟೆ ಬಿದ್ದು ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳ ಸದ್ದು ಸ್ವಚ್ಛವಾಗಿ ಕೇಳಿಸತೊಡಗಿದಾಗ ನಿಲ್ಲಿಸುತ್ತೇನೆ. ಆಮೇಲೆ ಫ್ರೇಮಿನ ಅಡಿಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಕೊಟ್ಟು, ಎಂಜಿನ್ ನಿಲ್ಲಿಸಿ, ಫ್ರೇಮಿನ ನಡುಭಾಗದ ತಳದಿಂದ ಜೋತುಬಿದ್ದ ಶೂ ಪ್ಲೇಟಿನ, ಅಂದರೆ ನೆಲ ತುಳಿಯುವ ಪಟ್ಟಿಯ, ಮೇಲ್ಮೈವರೆಗೆ ಸ್ಕೇಲು ಹಿಡಿಯಬೇಕು. ನನ್ನ ಯಂತ್ರಕ್ಕೆ ಹೇಳಿರುವ ಅಂತರ 300ರಿಂದ 335 ಮಿ.ಮೀ. ಬೇರೆ ಕೆಲವು ತಯಾರಕರು ಯಂತ್ರವನ್ನು ಸಮನೆಲದ ಮೇಲೆ ನಿಲ್ಲಿಸಿ, ಐಡ್ಲರಿಗೂ ಮೇಲ್ಚೈನನ್ನು ಹೊರುವ ಕ್ಯಾರಿಯರ್ ರೋಲರಿಗೂ ನೇರ ಪಟ್ಟಿ ಇಟ್ಟು ಮೇಲ್ಚೈನಿನ ಜೋಲನ್ನು ಅಳೆಯಲು ಹೇಳುತ್ತಾರೆ. ಒಂದು ಪದ್ಧತಿಯ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು.

ಇಲ್ಲಿಯವರೆಗೆ ಮೆಚ್ಚುಗೆಯೇ. ನನ್ನ ದೂರು ಇರುವುದು ಗ್ರೀಸ್ ತುಂಬುವ, ಹೊರಬಿಡುವ ವಾಲ್ವಿಗೆ ಕೈ ತಲುಪಬೇಕಾದ ಕಿಂಡಿಯ ಬಗ್ಗೆ. ಫ್ರೇಮಿನ ಹೊರಬದಿಯಲ್ಲಿರುವ ಈ ಕಿಂಡಿಗೆ ನನ್ನ ಯಂತ್ರದಲ್ಲಿ ಮುಚ್ಚಳವಿಲ್ಲ, ತಳದಲ್ಲಿ ಮಣ್ಣು ಜಾರಿಹೋಗಲು ದಾರಿಯೂ ಇಲ್ಲ. ಸಾಕೆಟ್ ಸ್ಪ್ಯಾನರ್ ಹೋಗುವಷ್ಟೇ ಅಗಲವಿರುವ ಆ ಗೂಡಿನಲ್ಲಿ ಪ್ರತಿದಿನದ ಕೆಸರು ತುಂಬಿಕೊಳ್ಳುತ್ತದೆ. ಹಿಂದೆ ಹೊರಬಿಟ್ಟ ಗ್ರೀಸಿನೊಡನೆ ಮರಳು ಬೆರೆತು, ಒಣಗಿ, ಉಳಿಯಿಂದ ಕೆರೆಯಬೇಕಾದಷ್ಟು ಗಟ್ಟಿಯಾಗುತ್ತದೆ. ಐದು ನಿಮಿಷದ ಕೆಲಸಕ್ಕೆ ಮೊದಲು ಅದರ ಹಲವು ಪಟ್ಟು ಹೊತ್ತು ಬಗ್ಗಿ ಕೂತು ಕೆರೆಯಬೇಕು. ಬೇಸರವಾದರೂ ಇದನ್ನು ಬಿಡುವಂತಿಲ್ಲ. ಗ್ರೀಸ್ ಗನ್ ಹಚ್ಚುವ ನಿಪ್ಪಲಿನ ಬಾಯಿಯಲ್ಲಿ ಉಳಿದ ಒಂದೆರಡು ಮರಳ ಕಣ ಗ್ರೀಸಿನ ಜೊತೆ ಒಳಹೋಗಿ ಗ್ರೀಸು ಹಿಂದಕ್ಕೆ ಬರದಂತೆ ತಡೆಯುವ ಗುಂಡಿನ ಕೆಳಗೆ ಕೂತರೆ, ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಸಂಜೆ ಬಿಗಿಯಾಗಿದ್ದ ಚೈನು ಬೆಳಿಗ್ಗೆ ಜೋತುಬಿದ್ದಿರುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಎರಡು ಬೋಲ್ಟಿನ ಒಂದು ತಗಡಿನ ಮುಚ್ಚಳ ಕೊಡಲು ಏನು ಕಷ್ಟವಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಸಡಿಲ ಮಾಡುವಾಗ ಇದೇ ಕಿಂಡಿ ಬರಿಯ ಬೇಸರವಾಗಿ ಉಳಿಯದೆ ಅಪಾಯವೂ ಆಗುತ್ತದೆ. ಸಿಲಿಂಡರಿನೊಳಗಿನ ಗ್ರೀಸ್ ಬಹಳ ಹೆಚ್ಚಿನ ಒತ್ತಡದಲ್ಲಿರುತ್ತದೆ. ವಾಲ್ವನ್ನು ಅಪ್ರದಕ್ಷಿಣವಾಗಿ, ಸ್ವಲ್ಪ ಸ್ವಲ್ಪವೇ, ಹೆಚ್ಚೆಂದರೆ ಒಂದು ಸುತ್ತು ತಿರುಗಿಸಿದರೆ ಪಕ್ಕದ ರಂಧ್ರದಿಂದ ಗ್ರೀಸು ದೀಪದ ಬತ್ತಿಯಷ್ಟು ದಪ್ಪಗೆ ಸಮಾಧಾನವಾಗಿ ಇಳಿಯಬೇಕು. ರಂಧ್ರ ಗಟ್ಟಿ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಏನೂ ಬರುವುದಿಲ್ಲ, ಆಗ ಇನ್ನೂ ಒಂದು ಸುತ್ತು ಬಿಡಿಸುವ ಮನಸ್ಸಾಗುತ್ತದೆ. ಅದನ್ನು ದಯವಿಟ್ಟು ಮಾಡಬೇಡಿ. ವಾಲ್ವು ಕಳಚಿ ಹಾರಿದರೆ ಪ್ರಾಣಕ್ಕೇ ಸಂಚಕಾರ. ಚರ್ಮದೊಳಗೆ ಹೊಕ್ಕ ಗ್ರೀಸಿನ ಗಾಯ ಮೇಲುನೋಟಕ್ಕೆ ಸೂಜಿ ಚುಚ್ಚಿದಂತಿದ್ದರೂ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುವಂಥದ್ದು. ಗ್ರೀಸ್ ಬಾರದಿದ್ದರೆ ಬದಿಗೆ ಸರಿದು ನಿಂತು, ಚೈನನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸುವುದೇ ಸರಿಯಾದ ದಾರಿ. ನಿಪ್ಪಲನ್ನು ಮಾತ್ರ ಬಿಡಿಸಿ ಒತ್ತಡ ಇಳಿಸುವ ಅಡ್ಡದಾರಿಯನ್ನು ಎಂದೂ ಹಿಡಿಯಬಾರದು, ವಾಲ್ವಿಗೆ ಮುಖವೊಡ್ಡಿ ಕೂರಲೂಬಾರದು.

ಜೇಡಿಮಣ್ಣಿನಲ್ಲಿ ಕೆಲಸ ಮಾಡುವವರಿಗೆ ಸಡಿಲ ಮಾಡುವ ಕೆಲಸ ಅಪರೂಪದ್ದಲ್ಲ. ಸ್ಪ್ರಾಕೆಟ್ ಹಲ್ಲುಗಳ ನಡುವೆ ಮಣ್ಣು ಒತ್ತಿ ಕೂತಾಗ ಪಿನ್ನುಗಳ ಮೇಲಿನ ಕೊಳವೆಗಳಾದ ಬುಷ್ಷುಗಳು ಹಲ್ಲಿನ ಬುಡಕ್ಕಿಳಿಯದೆ ಮೇಲೆಯೇ ಕೂರುತ್ತವೆ. ಚೈನು ಸುತ್ತಬೇಕಾದ ದಾರಿ ಉದ್ದವಾಗಿ, ಯಾರೂ ಗ್ರೀಸ್ ಹಾಕದಿದ್ದರೂ ಅದು ತಂತಿಯಂತೆ ಬಿಗಿಯುತ್ತದೆ. ಹೀಗಾದ ಯಂತ್ರ ನಡೆಯುವಾಗ ಎಂಜಿನ್ ಮೇಲೆ ಭಾರ ಬೀಳುತ್ತದೆ, ಪಿನ್ನು ಬುಷ್ಷು ಬೇಗ ತಿನ್ನಿಸಿಕೊಳ್ಳುತ್ತವೆ, ಐಡ್ಲರಿನ ಬೇರಿಂಗಿಗೂ ಪೆಟ್ಟು. ಆದ್ದರಿಂದ ತೊಳೆದ ಚೈನಿಗೆ ಹೇಳಿದ ಅಂಕಿಯನ್ನೇ ಹಿಡಿದುಕೊಳ್ಳದೆ, ಕೆಲಸ ಮಾಡುವ ಮಣ್ಣಿನಲ್ಲಿ ಒಂದಿಷ್ಟು ಓಡಾಡಿದ ಮೇಲೆ ಜೋಲು ಎಷ್ಟು ಉಳಿದಿದೆ ಎಂದು ನೋಡಿ ಹೊಂದಿಸಬೇಕು. ನಡುವೆ ರಂಧ್ರವಿರುವ ಶೂ ಪ್ಲೇಟುಗಳು ಈ ಮಣ್ಣನ್ನು ಹೊರಗೆ ತಳ್ಳಿ ಬಹಳ ಉಪಕಾರ ಮಾಡುತ್ತವೆ. ಹಾಗೆಂದು ತೀರ ಸಡಿಲ ಬಿಟ್ಟರೆ ಇಳಿಜಾರಿನಲ್ಲಿ ತಿರುಗಿಸುವಾಗ ಚೈನು ಕಳಚುತ್ತದೆ. ಕಲ್ಲುನೆಲದಲ್ಲಿ ಆ ಭಯ ಇನ್ನೂ ಹೆಚ್ಚು.

ಇಷ್ಟು ದೂರಿದ ಮೇಲೂ ನಾನು ಈ ವ್ಯವಸ್ಥೆಯನ್ನು ತಿರಸ್ಕರಿಸಲಾರೆ. ಕಿಂಡಿಯ ಅಳತೆಗೆ ದಪ್ಪ ರಬ್ಬರಿನ ತುಂಡೊಂದನ್ನು ಕತ್ತರಿಸಿ ಅದುಮಿ ಇಟ್ಟ ಮೇಲೆ ಕೆರೆಯುವ ಕೆಲಸ ಬಹುಮಟ್ಟಿಗೆ ನಿಂತಿದೆ. ಸಿಲಿಂಡರಿನ ಸೀಲು ಇಂದಿಗೂ ಹನಿ ಗ್ರೀಸನ್ನೂ ಬಿಟ್ಟಿಲ್ಲ. ಇದು ನಾನು ನಿರೀಕ್ಷಿಸಿದ್ದಕ್ಕಿಂತ ಒಳ್ಳೆಯ ಬಾಳಿಕೆ. ಚೈನು ಸಮವಾಗಿ ಸವೆದಿದೆ, ಸ್ಪ್ರಾಕೆಟ್ಟಿನ ಹಲ್ಲುಗಳು ಇನ್ನೂ ಮೊನಚಾಗಿಲ್ಲ. ದೂರ ನಡೆಸುವಾಗ ಸ್ಪ್ರಾಕೆಟ್ ಹಿಂದಿರುವಂತೆ ಮುಂದಕ್ಕೇ ನಡೆಸುವ ಅಭ್ಯಾಸವೂ ಇದಕ್ಕೆ ಕಾರಣ, ಏಕೆಂದರೆ ಹಿಮ್ಮುಖವಾಗಿ ನಡೆದಷ್ಟೂ ಬುಷ್ಷುಗಳ ಸವೆತ ಹೆಚ್ಚು.

ಹಳೆಯ ಯಂತ್ರ ಕೊಳ್ಳುವವರು ಮೊದಲು ಐಡ್ಲರ್ ಎಷ್ಟು ಮುಂದೆ ಬಂದಿದೆ ಎಂದು ನೋಡಬೇಕು. ಅದು ತನ್ನ ಜಾಡಿನ ಕೊನೆ ಮುಟ್ಟಿಯೂ ಚೈನು ಜೋಲುತ್ತಿದ್ದರೆ ಪಿನ್ನು, ಬುಷ್ಷುಗಳು ಸವೆದು ಕೊಂಡಿಯಿಂದ ಕೊಂಡಿಯ ಅಂತರ ಬೆಳೆದಿದೆ ಎಂದರ್ಥ. ಗ್ರೀಸ್ ಹಾಕುವುದರಿಂದ ಅದು ಸರಿಯಾಗುವುದಿಲ್ಲ. ಒಂದು ಲಿಂಕ್ ತೆಗೆದು ಚೈನನ್ನು ಗಿಡ್ಡ ಮಾಡಿ ಮಾರುವವರಿದ್ದಾರೆ. ಜೋಲು ಹೋಗುತ್ತದೆ, ಆದರೆ ಉಳಿದ ಲಿಂಕುಗಳ ಅಂತರ ಸ್ಪ್ರಾಕೆಟ್ ಹಲ್ಲಿನ ಅಂತರಕ್ಕೆ ಹೊಂದದೆ ಹಲ್ಲುಗಳನ್ನೂ ತಿನ್ನುತ್ತಲೇ ಇರುತ್ತದೆ. ಚೈನನ್ನು ಎಳೆದು ಹಿಡಿದು ನಾಲ್ಕೈದು ಲಿಂಕುಗಳ ಉದ್ದವನ್ನು ಟೇಪಿನಲ್ಲಿ ಅಳೆದು, ಹೊಸ ಚೈನಿನ ಅಳತೆಗೆ ಹೋಲಿಸಿ, ಎರಡೂ ಬದಿಯ ಲಿಂಕುಗಳನ್ನು ಎಣಿಸಿದ ಮೇಲೆಯೇ ಬೆಲೆಯ ಮಾತಿಗೆ ಇಳಿಯಿರಿ.