ಬರೀ "2:1" ಅಂತ ಬರೆದಿರೋ ರೆಸಿನ್ ಟ್ರೇ ಕಿಟ್ ತಗೋಬೇಡಿ. ಗ್ರಾಮಾ, ಎಂಎಲ್ಲಾ ಅಂತ ಮೊದಲು ಕೇಳಿ

ರೆಸಿನ್ ಟ್ರೇ ಕಿಟ್ (ಎರಡು ದ್ರವ ಕಲಸಿ ಮೋಲ್ಡ್‌ಗೆ, ಅಂದರೆ ಅಚ್ಚಿಗೆ ಸುರಿದು ಟ್ರೇ ಮಾಡೋ ಕಿಟ್) ಆನ್‌ಲೈನಲ್ಲಿ ತರಿಸಿದ್ದೀರಾ? ಬಾಟಲಿ ಮುಚ್ಚಳ ತೆಗೆಯೋ ಮುಂಚೆ ಲೇಬಲ್ ನೋಡಿ. "2:1" (ಎರಡು ಪಾಲು ರೆಸಿನ್‌ಗೆ ಒಂದು ಪಾಲು ಅದನ್ನ ಗಟ್ಟಿ ಮಾಡೋ ಹಾರ್ಡ್ನರ್) ಅಂತ ಮಾತ್ರ ಇದ್ದು, ಅದು ತೂಕದ (ಗ್ರಾಂ) ಲೆಕ್ಕವೋ ಅಳತೆಯ (ಎಂಎಲ್) ಲೆಕ್ಕವೋ ಅಂತ ಇಲ್ಲದಿದ್ದರೆ ಮುಚ್ಚಳ ತೆಗೀಲೇಬೇಡಿ, ಹಾಗೇ ವಾಪಸ್ ಕಳಿಸಿ. ತೆಗೆದ ಕ್ಷಣದಿಂದ ತಪ್ಪೆಲ್ಲ ನಿಮ್ಮದೇ. ನನಗೆ ಆಗಿದ್ದು ಅದೇ.

ಕಿಟ್‌ನಲ್ಲಿ ಬಂದಿದ್ದು ಇಷ್ಟು: 30 ಸೆಂ.ಮೀ ಉದ್ದ, 20 ಸೆಂ.ಮೀ ಅಗಲದ ಸಿಲಿಕಾನ್ ಟ್ರೇ ಮೋಲ್ಡ್, ಎ ಬಾಟಲಿ (ಎಪಾಕ್ಸಿ ಅನ್ನೋ ಥರದ ರೆಸಿನ್) 800 ಗ್ರಾಂ, ಬಿ ಬಾಟಲಿ (ಹಾರ್ಡ್ನರ್) 400 ಗ್ರಾಂ, ಬಣ್ಣಕ್ಕೆ ಎರಡು ಪೊಟ್ಟಣ ಮೈಕಾ ಪೌಡರ್, ಕಡ್ಡಿಗಳು, ಮೇಣ ಸವರಿದ ಪೇಪರ್ ಕಪ್‌ಗಳು. ಆ ಕಪ್‌ಗಳನ್ನ ಅವತ್ತೇ ಪಕ್ಕಕ್ಕಿಟ್ಟೆ. ಕಡ್ಡಿಯಲ್ಲಿ ಕೆರೆದು ಕಲಸುವಾಗ ಮೇಣ ಕಿತ್ತು ರೆಸಿನ್‌ಗೆ ಸೇರುತ್ತೆ. ರೆಸಿನ್ ಕಿಟ್ ಮಾರೋರಿಗೆ ಇಷ್ಟೂ ಗೊತ್ತಿಲ್ಲ ಅಂದರೆ ಅಲ್ಲೇ ಅನುಮಾನ ಬರಬೇಕಿತ್ತು.

ಬಾಟಲಿಗಳ ಮೇಲೆ ಇದ್ದಿದ್ದು ಗ್ರಾಂ. 800 ಮತ್ತು 400. ಕಿಟ್ ಜೊತೆ ಬಂದ ಕಾರ್ಡ್ ಮೇಲೆ 2:1. ಯಾರು ನೋಡಿದರೂ ತೂಕದ ಲೆಕ್ಕ ಅಂತಲೇ ಅಂದುಕೊಳ್ತಾರೆ. ಆದರೂ ಕಲಸೋ ಮುಂಚೆ ಮಾರಿದವರನ್ನ ಚಾಟ್‌ನಲ್ಲಿ ಕೇಳಿದೆ: "2:1 ಅಂದರೆ ತೂಕದಲ್ಲಾ, ಅಳತೆಯಲ್ಲಾ?" ಉತ್ತರ ಎರಡೇ ನಿಮಿಷದಲ್ಲಿ ಬಂತು: "ಎರಡೂ ಒಂದೇ ಮೇಡಂ, ಹೇಗೆ ಮಾಡಿದ್ರೂ ಆಗುತ್ತೆ."

ಎರಡೂ ಒಂದಲ್ಲ. ಅದು ನನಗೆ ಗೊತ್ತು. ರೆಸಿನ್ ಭಾರ, ಹಾರ್ಡ್ನರ್ ಹಗುರ. ಅಳತೆಯಲ್ಲಿ 2:1 ಇರೋದು ತೂಕದಲ್ಲಿ ಹೆಚ್ಚುಕಮ್ಮಿ 100ಕ್ಕೆ 42, 45ರ ಆಸುಪಾಸು ಆಗುತ್ತೆ, 50 ಅಲ್ಲ. ಗೊತ್ತಿದ್ದೂ, "ಬಾಟಲಿ ಮೇಲೆ ಗ್ರಾಂ ಇದೆಯಲ್ಲ, ಇವರ ಹಾರ್ಡ್ನರ್ ಬೇರೆ ಥರದ್ದಿರಬೇಕು" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ತೂಗಿಬಿಟ್ಟೆ. ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೀತಿದ್ದೀನಿ.

ಮಿಕ್ಕಿದ್ದೆಲ್ಲ ಕ್ರಮವಾಗೇ ಆಗಿತ್ತು. ಮೋಲ್ಡ್‌ನಲ್ಲಿ ಟ್ರೇ ತಳ 8 ಮಿ.ಮೀ ದಪ್ಪಕ್ಕೆ ಬರುತ್ತೆ, ಅಂಚು ಸೇರಿ ಸುಮಾರು 550 ಎಂಎಲ್ ಹಿಡಿಯುತ್ತೆ. ಡಿಜಿಟಲ್ ತಕ್ಕಡಿ ಮೇಲೆ ಎ 400 ಗ್ರಾಂ, ಬಿ 200 ಗ್ರಾಂ. ನಾಲ್ಕು ನಿಮಿಷ ನಿಧಾನವಾಗಿ, ಪಕ್ಕ ಕೆರೆದು ತಳ ಕೆರೆದು ಕಲಸಿ, ಇನ್ನೊಂದು ಪಾತ್ರೆಗೆ ಬಗ್ಗಿಸಿ ಮತ್ತೆರಡು ನಿಮಿಷ. ಬಣ್ಣ ಒಟ್ಟು ತೂಕದ ನೂರಕ್ಕೆ ಎರಡರಷ್ಟೂ ಇರಲಿಲ್ಲ. ಕೋಣೆಯಲ್ಲಿ 26 ಡಿಗ್ರಿ. ಮೋಲ್ಡ್ ಕೆಳಗೆ ಹಲಗೆ, ಹಲಗೆ ಮೇಲೆ ರಸಮಟ್ಟ ಇಟ್ಟು ನೋಡಿದ್ದು. ಇಷ್ಟು ವಿವರ ಯಾಕೆ ಅಂದರೆ, ಮುಂದೆ ಅವರು ಒಂದೊಂದನ್ನೂ ಹಿಡಿದು "ಇದು ಸರಿ ಮಾಡಿಲ್ಲ, ಅದು ಸರಿ ಮಾಡಿಲ್ಲ" ಅಂತ ಜಗ್ಗಾಡಿದರು.

30 ಗಂಟೆ ಬಿಟ್ಟು ಮೂಲೆ ಎತ್ತಿ ನೋಡಿದೆ. ಟ್ರೇ ಮೋಲ್ಡ್ ಬಿಟ್ಟು ಬರಲಿಲ್ಲ, ಮೋಲ್ಡ್ ಜೊತೆಗೇ ಬಾಗಿಕೊಂಡು ಬಂತು. ಉಗುರು ಒತ್ತಿದರೆ ಗುಳಿ, ಆ ಗುಳಿ ನಿಧಾನವಾಗಿ ತುಂಬಿಕೊಳ್ಳುತ್ತೆ. ಹೆಬ್ಬೆರಳ ಗೆರೆಗಳೆಲ್ಲ ಅಚ್ಚಾಗಿ ಉಳಿದವು. ಹಾರ್ಡ್ನರ್‌ನ ಆ ಕಮಟು ವಾಸನೆ ಇನ್ನೂ ಮೂಗಿಗೆ ಹೊಡೀತಿತ್ತು. ಒಂದು ದಿನ ಕಳೆದ ಮೇಲೂ ಆ ವಾಸನೆ ಅಷ್ಟೇ ಜೋರಾಗಿದ್ದರೆ, ಜೋಡಿ ಸಿಗದ ಹಾರ್ಡ್ನರ್ ಒಳಗೆ ಉಳಿದಿದೆ ಅಂತಲೇ ಅನುಮಾನ ಪಡಬೇಕು.

ಇಲ್ಲೊಂದು ಮಾತು. ಕಲಸೋದು ಸಾಲದೇ ಹೋದರೆ ಟ್ರೇ ಒಂದು ಕಡೆ ಕಲ್ಲಿನ ಹಾಗೆ, ಇನ್ನೊಂದು ಕಡೆ ಅಂಟಂಟಾಗಿ ಪಟ್ಟೆಪಟ್ಟೆ ಬರುತ್ತೆ. ಪ್ರಮಾಣವೇ ತಪ್ಪಿದ್ದರೆ ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ ಮೆತ್ತಗೆ. ಗಾಳಿಯಲ್ಲಿ ತೇವ ಜಾಸ್ತಿಯಿದ್ದರೆ ಮೇಲ್ಮೈ ಮಾತ್ರ ಜಿಡ್ಡುಜಿಡ್ಡು, ಅದು ಬೆಚ್ಚಗಿನ ಸೋಪು ನೀರಲ್ಲಿ ಒರೆಸಿದರೆ ಹೋಗುತ್ತೆ, ಕೆಳಗೆ ಗಟ್ಟಿ ಇರುತ್ತೆ. ಈ ಟ್ರೇ ಒಂದೇ ಸಮ ರಬ್ಬರ್.

ಈಗ ಅವರ ಉತ್ತರಗಳನ್ನ ನೋಡಿ. ಕಿಟ್ ಕೈಗೆ ಬಂದು ನಾಲ್ಕನೇ ದಿನ, ಮೊದಲ ದೂರು: "24 ಗಂಟೆ ಸಾಲಲ್ಲ ಮೇಡಂ, 48 ಬಿಡಿ." ಐದನೇ ದಿನ: "ಟ್ರೇ ದೊಡ್ಡದಲ್ವಾ, 72 ಗಂಟೆ ಬೇಕು. ಬಿಸಿಲಲ್ಲಿಡಿ." ಆರನೇ ದಿನ: "ಪೂರ್ತಿ ಕ್ಯೂರ್ ಆಗೋಕೆ 7 ದಿನ ಮೇಡಂ. ಇದು ಕೆಮಿಸ್ಟ್ರಿ, ನಮ್ಮ ಕೈಯಲ್ಲಿಲ್ಲ."

ರಿಟರ್ನ್ ಅವಧಿ ಎಷ್ಟು ದಿನ ಗೊತ್ತಾ? ಕಿಟ್ ಬಂದ ದಿನದಿಂದ 7.

ಒಂಬತ್ತನೇ ದಿನ ಟ್ರೇ ಹಾಗೇ ಬಾಗ್ತಿತ್ತು. ಬರೆದೆ. ಉತ್ತರ: "ಸಾರಿ ಮೇಡಂ, ರಿಟರ್ನ್ ಅವಧಿ ಮುಗಿದಿದೆ." ಆಗ ಹಿಂದಿನ ಮೆಸೇಜುಗಳನ್ನ ಮೇಲಿಂದ ಓದಿಕೊಂಡು ಬಂದೆ. 48, 72, 7 ದಿನ. ಪ್ರತಿ ಉತ್ತರವೂ ಅವಧಿ ಮುಗಿಯೋ ಕಡೆಗೆ ಒಂದೊಂದೇ ದಿನ ತಳ್ಳಿದೆ. ಓದ್ತಾ ಹೋದ ಹಾಗೆ ಮೈಯೆಲ್ಲ ಉರಿದುಹೋಯ್ತು. ಇವರು ಪೂರ್ತಿ ಸುಳ್ಳೂ ಹೇಳಿಲ್ಲ, ಅದೇ ಸಂಕಟ. ಎಪಾಕ್ಸಿ ತನ್ನ ಪೂರ್ತಿ ಗಟ್ಟಿತನಕ್ಕೆ ಬರೋಕೆ ಹಲವು ದಿನ ಬೇಕು ಅನ್ನೋದು ನಿಜ. ಆದರೆ ಅದು ಆಗಲೇ ಗಟ್ಟಿಯಾಗಿರೋ ಟ್ರೇ ಇನ್ನಷ್ಟು ಗಟ್ಟಿಯಾಗೋ ಮಾತು. ತೆಳು ಪದರದ ರೆಸಿನ್ 25 ಡಿಗ್ರಿಯಲ್ಲಿ ಒಂದೆರಡು ದಿನದಲ್ಲಿ, ದಪ್ಪ ಎರಕದ್ದಾದರೆ ಮೂರು ದಿನದಲ್ಲಿ ಉಗುರಿಗೆ ಜಗ್ಗಬಾರದು. ಆಮೇಲೂ ರಬ್ಬರ್ ಆಗಿದ್ದರೆ ತಿಂಗಳು ಬಿಟ್ಟರೂ ರಬ್ಬರೇ. ಬಿಸಿಲೂ ಅಷ್ಟೇ. ಪ್ರಮಾಣ ಸರಿ ಇದ್ದರೆ ಬಿಸಿ ಸಹಾಯ ಮಾಡುತ್ತೆ, ತಪ್ಪಿದ್ದರೆ ಏನೂ ಮಾಡಲ್ಲ.

ಬಾಟಲಿಗಳಲ್ಲಿ ಅರ್ಧ ಉಳಿದಿತ್ತು. ಅದು ನನ್ನ ಪುಣ್ಯ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ 10 ಎಂಎಲ್ ಎ ಎಳೆದು ತೂಗಿದೆ: 11.5 ಗ್ರಾಂ. ಬೇರೆ ಸಿರಿಂಜ್‌ನಲ್ಲಿ 10 ಎಂಎಲ್ ಬಿ: 9.7 ಗ್ರಾಂ. ಲೆಕ್ಕ ಹಾಕಿ. 400 ಗ್ರಾಂ ಎ ಅಂದರೆ ಸುಮಾರು 348 ಎಂಎಲ್. ಅದರ ಅರ್ಧ 174 ಎಂಎಲ್ ಬಿ, ತೂಕದಲ್ಲಿ 169 ಗ್ರಾಂ. ನಾನು ಹಾಕಿದ್ದು 200. ಅಂದರೆ 31 ಗ್ರಾಂ ಹಾರ್ಡ್ನರ್ ಹೆಚ್ಚು.

ನಂಬಿಕೆಗೆ ಎರಡು ಪ್ಲಾಸ್ಟಿಕ್ ಕಪ್‌ನಲ್ಲಿ ಕಲಸಿಟ್ಟೆ. ಒಂದರಲ್ಲಿ 20 ಎಂಎಲ್‌ಗೆ 10 ಎಂಎಲ್, ಇನ್ನೊಂದರಲ್ಲಿ 20 ಗ್ರಾಂಗೆ 10 ಗ್ರಾಂ. ಮಾರನೇ ದಿನ ಮೊದಲನೆಯದನ್ನ ಕಪ್‌ನಿಂದ ಬಿಡಿಸಿ ನೆಲಕ್ಕೆ ಹಾಕಿದರೆ ಟಣ್ ಅಂತು. ಎರಡನೆಯದು ಎರೇಸರ್ ಥರ ಬಗ್ಗಿತು. ಅದೇ ಬಾಟಲಿ, ಅದೇ ಕೋಣೆ, ಅದೇ ಕೈ. ವೀಡಿಯೋ ಮಾಡಿ ಕಳಿಸಿದೆ.

ಉತ್ತರ: "ನಮ್ಮ ಡೆಮೋದಲ್ಲಿ ಕಪ್‌ನಲ್ಲೇ ಅಳೆದಿದ್ದೀವಲ್ಲ ಮೇಡಂ. ತೂಗಿದ್ದು ನಿಮ್ಮ ತಪ್ಪು."

"ಎರಡೂ ಒಂದೇ ಮೇಡಂ" ಅಂದವರು ಇವರೇ! ಆ ಸ್ಕ್ರೀನ್‌ಶಾಟ್ ಅವರಿಗೇ ಕಳಿಸಿದೆ. ನೋಡಿದರು, ಮಾತಿಲ್ಲ. ಇನ್ನೊಂದು ಕೇಳಿದೆ: ಅಳತೆಯ ಲೆಕ್ಕವಾದರೆ 800 ಗ್ರಾಂ ಎ ಜೊತೆ ಬೇಕಾದ ಬಿ 337 ಗ್ರಾಂ ಅಷ್ಟೇ, ನೀವು ಯಾಕೆ 400 ಗ್ರಾಂ ತುಂಬಿ ಕಳಿಸ್ತೀರಿ, ಜನ ತೂಗಲಿ ಅಂತಲಾ? ಅದಕ್ಕೂ ಮಾತಿಲ್ಲ. ಮಾರನೇ ದಿನ ಬಂದ ಕೊನೇ ಮೆಸೇಜ್ ಇದು: "ಮುಂದಿನ ಸಲ ಹಾರ್ಡ್ನರ್ ಸ್ವಲ್ಪ ಜಾಸ್ತಿ ಹಾಕಿ ನೋಡಿ, ಬೇಗ ಗಟ್ಟಿ ಆಗುತ್ತೆ."

ಹಾರ್ಡ್ನರ್ ಜಾಸ್ತಿಯಾಗಿ ಹಾಳಾದ ಟ್ರೇಗೆ ಇನ್ನೂ ಜಾಸ್ತಿ ಹಾರ್ಡ್ನರ್! ದಯವಿಟ್ಟು ಯಾರೂ ಈ ಮಾತು ಕೇಳಬೇಡಿ. ಪಾಲಿಯೆಸ್ಟರ್ ರೆಸಿನ್‌ಗೆ ಹನಿ ಲೆಕ್ಕದಲ್ಲಿ ಹಾಕೋ ದ್ರಾವಣ ಬೇರೆ, ಅಲ್ಲಿ ಒಂದೆರಡು ಹನಿ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತೆ. ಎಪಾಕ್ಸಿ ಹಾಗಲ್ಲ. ಇಲ್ಲಿ ಅಂಗಿಯ ಒಂದೊಂದು ಗುಂಡಿಗೂ ಒಂದೊಂದು ಕಾಜ ಇದ್ದ ಹಾಗೆ. ಗುಂಡಿ ಹೆಚ್ಚು ಹೊಲಿದರೆ ಅಂಗಿ ಬಿಗಿಯಾಗಲ್ಲ, ಹೆಚ್ಚಿನವು ಸುಮ್ಮನೆ ನೇತಾಡ್ತವೆ. ಆ ನೇತಾಡೋ ಹಾರ್ಡ್ನರ್ರೇ ಟ್ರೇಯನ್ನ ಮೆತ್ತಗೆ ಇಡೋದು.

ಮೋಲ್ಡ್ ಕಥೆಯೂ ಹೇಳಬೇಕು. ಗೋಡೆ 3 ಮಿ.ಮೀ ದಪ್ಪ ಮಾತ್ರ, ರೆಸಿನ್ ಭಾರಕ್ಕೆ ಉದ್ದನೆಯ ಪಕ್ಕ ಹೊರಕ್ಕೆ ಉಬ್ಬಿತು. ಕೋರಿಯರ್‌ನಲ್ಲಿ ಮಡಚಿ ಕಳಿಸಿದ್ದರಿಂದ ತಳದಲ್ಲಿ ಮಡಿಕೆಯ ಗೆರೆ. ಮೋಲ್ಡ್‌ನಲ್ಲಿ ಇರೋ ಗೀರು, ಧೂಳು, ಗೆರೆ ಎಲ್ಲ ಟ್ರೇ ಮೇಲೆ ಇದ್ದದ್ದು ಇದ್ದ ಹಾಗೇ ಮೂಡುತ್ತೆ. ಒಳಮೈ ಮಿರಮಿರ ಅಂದರೆ ಟ್ರೇಯೂ ಮಿರಮಿರ, ಮಂಕಾಗಿದ್ದರೆ ಮಂಕು. ಫೋಟೋದಲ್ಲಿ ಹೊಳೀತಿದ್ದ ಮೋಲ್ಡ್ ಕೈಗೆ ಬಂದಾಗ ಮಂಕು. ಇದಕ್ಕೆ ಅವರ ಉತ್ತರ: "ಗ್ಯಾಸ್ ಟಾರ್ಚ್ ಹಿಡಿದು ಸುಟ್ಟರೆ ಹೊಳಪು ಬರುತ್ತೆ." ಸಿಲಿಕಾನ್ ಮೇಲೆ ನೇರ ಜ್ವಾಲೆ ಹಿಡಿದರೆ ಹೊಳಪು ಬರಲ್ಲ, ಮೋಲ್ಡ್ ಸುಟ್ಟು ಮೈ ಒರಟಾಗಿ ಮುಂದಿನ ಟ್ರೇ ಅಂಟಿಕೊಳ್ಳುತ್ತೆ. ಗುಳ್ಳೆ ಒಡೆಯೋಕೂ ಹೀಟ್ ಗನ್ ದೂರದಿಂದ ಒಂದೆರಡು ಕ್ಷಣ ಆಡಿಸಿದರೆ ಸಾಕು.

ಹಾಳಾದ ಟ್ರೇ ಮೇಲೆ ಹೊಸ ಪದರ ಸುರಿದು ಉಳಿಸಬಹುದಾ ಅಂತ ಕೇಳೋರಿಗೆ: ಮೇಲ್ಮೈ ಮಾತ್ರ ಅಂಟಾಗಿದ್ದರೆ ಹೌದು, ಒಳಗೆಲ್ಲ ರಬ್ಬರ್ ಆಗಿದ್ದರೆ ಇಲ್ಲ, ಮೇಲಿನ ಪದರ ಬಿರುಕು ಬಿಡುತ್ತೆ. ಎಸೆಯೋದೇ. ಬರಿಗೈಯಲ್ಲಿ ಮುಟ್ಟಬೇಡಿ, ಸರಿಯಾಗಿ ಕೂಡದ ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರಬಹುದು, ಒಮ್ಮೆ ಶುರುವಾದರೆ ಆಮೇಲೆ ಸ್ವಲ್ಪ ತಾಗಿದರೂ ಮತ್ತೆ ಕೆರಳುತ್ತೆ. ನೈಟ್ರೈಲ್ ಗ್ಲೌಸ್ ಹಾಕಿ. ಕೈಗೆ ತಾಗಿದರೆ ಅಸಿಟೋನ್ ಬೇಡ, ಸೋಪು ನೀರು. ಮೋಲ್ಡ್‌ನಲ್ಲಿ ಉಳಿದ ಅಂಟು ಹೋಗೋಕೆ ಸರಿಯಾದ ಪ್ರಮಾಣದ ರೆಸಿನ್ ತೆಳ್ಳಗೆ ಸುರಿದು, ಗಟ್ಟಿಯಾದ ಮೇಲೆ ಎಳೆದರೆ ಹಳೇ ಅಂಟನ್ನೂ ಕಿತ್ತುಕೊಂಡು ಬರುತ್ತೆ.

ತರಿಸಲೇಬೇಕು ಅಂದರೆ ಮೂರೇ ಪ್ರಶ್ನೆ, ಫೋನಲ್ಲಿ ಅಲ್ಲ, ಬರಹದಲ್ಲಿ: ಪ್ರಮಾಣ ತೂಕವೋ ಅಳತೆಯೋ? ಒಂದು ಸಲಕ್ಕೆ ಎಷ್ಟು ಮಿ.ಮೀ ದಪ್ಪ ಸುರಿಯಬಹುದು? ಮೋಲ್ಡ್‌ನಿಂದ ಎಷ್ಟು ಗಂಟೆಗೆ ಬಿಡಿಸಬೇಕು? ಎರಡನೆಯದು ಕೇಳದೆ ಬಿಡಬೇಡಿ. ಮೇಲೆ ಬಳಿಯೋ ರೆಸಿನ್ ಒಂದು ಪದರಕ್ಕೆ 3ರಿಂದ 6 ಮಿ.ಮೀ ಅಷ್ಟೇ, ಅದನ್ನ ದಪ್ಪಗೆ ಸುರಿದರೆ ತನ್ನ ಬಿಸಿಗೆ ತಾನೇ ಹೊಗೆಯಾಡಿ ಬಿರುಕು ಬಿಡುತ್ತೆ, ಮೋಲ್ಡನ್ನೂ ತಿನ್ನುತ್ತೆ. "ಹೇಗೆ ಮಾಡಿದ್ರೂ ಆಗುತ್ತೆ" ಅನ್ನೋ ಉತ್ತರ ಬಂದರೆ ಅಲ್ಲಿಗೇ ಬಿಡಿ.

ಕಿಟ್ ಬಂದ ದಿನವೇ 30 ಎಂಎಲ್ ಕಲಸಿ ನೋಡಿ, ಟ್ರೇಗೆ ಕೈ ಹಾಕಬೇಡಿ. ಅಳೆಯೋದನ್ನ ಒಂದೇ ಶಾಟ್‌ನಲ್ಲಿ ವೀಡಿಯೋ ಮಾಡಿ, ಲೇಬಲ್ ಕಾಣಲಿ. ಮಾರನೇ ದಿನ ಮೆತ್ತಗಿದ್ದರೆ ಚಾಟ್‌ನಲ್ಲಿ ಅವರ ಜೊತೆ ಮಾತಿಗೆ ಕೂರಬೇಡಿ, ಮೊದಲು ರಿಟರ್ನ್ ಒತ್ತಿ, ಆಮೇಲೆ ಮಾತು. ಕಾರಣ ಕೇಳೋ ಕಡೆ "ಇಷ್ಟವಾಗಲಿಲ್ಲ" ಅಂತ ಹಾಕಬೇಡಿ, ಬಳಸಿದ ವಸ್ತು ಅಂತ ತಳ್ಳಿಬಿಡ್ತಾರೆ. "ವಿವರಣೆಯಲ್ಲಿ ಹೇಳಿದ ಹಾಗಿಲ್ಲ" ಅನ್ನೋದನ್ನೇ ಆರಿಸಿ, ವೀಡಿಯೋ ಅಲ್ಲೇ ಸೇರಿಸಿ.